ಆಟದ ಮುದ್ರಿಕೆ ಮತ್ತು ಆಡಿದ ಕೈ

ಗಣಕಯಂತ್ರದಲ್ಲಿ ಆಡುವ ಆಟವನ್ನು ವಿಡಿಯೊ ಆಗಿ ಮುದ್ರಿಸಿಡುವ ವಿಚಾರದಲ್ಲಿ ನಿವೃತ್ತ ಮೇಷ್ಟ್ರೊಬ್ಬ ಬರೆಯುವುದೇನಿದೆ ಎಂದು ಓದುಗ ಮಿತ್ರರಿಗೆ ಅನ್ನಿಸಬಹುದು. ಅದು ಹುಡುಗರ ವಿಷಯ. ಯಾವ ಕೋಡೆಕ್, ಎಷ್ಟು ಬಿಟ್‌ರೇಟ್, ಯಾವ ಬಗೆಯ ಕಡತ ಎಂಬ ಚರ್ಚೆಯನ್ನು ಅವರೇ ಗಂಟೆಗಟ್ಟಲೆ ನಡೆಸುತ್ತಾರೆ. ಆದರೆ ಕಳೆದ ವರ್ಷ ಆ ಚರ್ಚೆ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂತು. ಬಂದ ಮೇಲೆ ಸುಮಾರು ಒಂದು ತಿಂಗಳು ನನಗೆ ಬೇರೆ ಯೋಚನೆಯೇ ಇರಲಿಲ್ಲ. ಆಗ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಯಾರಿಗಾದರೂ ಉಪಯೋಗವಾದರೆ ಸಂತೋಷ.

೧೯೯೦ರ ದಶಕದ ಕೊನೆಗೆ ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಗೆ ಮೂರು ಗಣಕಯಂತ್ರಗಳು ಬಂದವು. ಅವುಗಳ ಉಸ್ತುವಾರಿ ಗಣಿತದ ಮೇಷ್ಟ್ರ ಪಾಲಿಗೆ ಬಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ, ಲೆಕ್ಕ ಮುಗಿಸಿದ ಹುಡುಗರಿಗೆ ಬಹುಮಾನವೆಂಬಂತೆ, ಅವರು ಒಂದು ಫ್ಲಾಪಿಯನ್ನು ತೂರಿಸಿ 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಆಟವನ್ನು ತೆರೆಯುತ್ತಿದ್ದರು. ಬಿಳಿಯ ಉಡುಪಿನ ರಾಜಕುಮಾರನೊಬ್ಬ ನೆಲಮಾಳಿಗೆಯಿಂದ ಹೊರಟು, ಕುಸಿಯುವ ಕಲ್ಲುಗಳನ್ನೂ ನೆಲದಿಂದೇಳುವ ಮುಳ್ಳುಗಳನ್ನೂ ಕಾವಲುಗಾರರ ಕತ್ತಿಗಳನ್ನೂ ದಾಟಿ, ೬೦ ನಿಮಿಷಗಳೊಳಗೆ ರಾಜಕುಮಾರಿಯನ್ನು ಸೇರಬೇಕು. ಸತ್ತರೆ ಆ ಹಂತವನ್ನು ಮೊದಲಿನಿಂದ ಆಡಬಹುದು. ಗಡಿಯಾರ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ನಮ್ಮ ಗಣಿತದ ಮೇಷ್ಟ್ರು ಇದನ್ನು ಕೊನೆ ಮುಟ್ಟಿಸುತ್ತಿದ್ದರು. ಸುತ್ತ ಇಪ್ಪತ್ತು ಮೂವತ್ತು ಹುಡುಗರು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ನಾನು ಕನ್ನಡದ ಮೇಷ್ಟ್ರು. ಬಾಗಿಲ ಬಳಿ ನಿಂತು ನೋಡುತ್ತಿದ್ದೆ.

ಈಗ ಅವರಿಗೆ ೭೮ ವರ್ಷ. ಪಾರ್ಕಿನ್ಸನ್ ಕಾಯಿಲೆ ಬಂದು ನಾಲ್ಕು ವರ್ಷಗಳಾದವು. ಬಲಗೈ ನಡುಗುತ್ತದೆ. ಮಾತ್ರೆ ನುಂಗಿದ ಮೇಲೆ ಒಂದೆರಡು ಗಂಟೆ ಕೈ ಹಿಡಿತಕ್ಕೆ ಸಿಗುತ್ತದೆ, ಆಮೇಲೆ ಮತ್ತೆ ತಪ್ಪುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, ಇಂದು ನಲವತ್ತು ದಾಟಿದವರು, ಮೇಷ್ಟ್ರು ಆ ಆಟ ಆಡುವುದನ್ನು ಇನ್ನೊಮ್ಮೆ ನೋಡಬೇಕು, ನೋಡಿ ಇಟ್ಟುಕೊಳ್ಳಬೇಕು ಎಂದು ಕೇಳಿದರು. ಅವರು ನಕ್ಕು ಒಪ್ಪಿಕೊಂಡರು. "ಒಂದು ಸಲ ಆಡುತ್ತೇನೆ. ಎರಡನೆಯ ಸಲ ಕೇಳಬೇಡಿ" ಎಂದರು. ಮುದ್ರಿಸುವ ಹೊಣೆ ನೆರೆಮನೆಯವನಾದ ನನ್ನ ಮೇಲೆ ಬಂತು. ನನಗೆ ಇದ್ದ ಆಸರೆ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು.

ಅವಳು ಮೊದಲು ನನಗೆ ಗಾತ್ರದ ಲೆಕ್ಕ ಹೇಳಿಕೊಟ್ಟಳು. ಇಂದಿನ ಆಟವೊಂದು ಪರದೆಯನ್ನು ೧೯೨೦ × ೧೦೮೦ ಚುಕ್ಕಿಗಳಿಂದ ತುಂಬುತ್ತದೆ. ಪ್ರತಿ ಚುಕ್ಕಿಗೆ ಮೂರು ಬೈಟು, ಸೆಕೆಂಡಿಗೆ ೬೦ ಚಿತ್ರ. ಏನನ್ನೂ ಬಿಡದೆ ಬರೆದುಕೊಂಡರೆ ಸೆಕೆಂಡಿಗೆ ಸುಮಾರು ೩೭೩ ಮೆಗಾಬೈಟು, ಗಂಟೆಗೆ ೧.೩ ಟೆರಾಬೈಟಿಗೂ ಹೆಚ್ಚು. ಯಾರ ಮನೆಯ ಡಿಸ್ಕೂ ಇದನ್ನು ಹೆಚ್ಚು ದಿನ ತಾಳದು. ಯೂಟ್ಯೂಬ್ ಇಷ್ಟೇ ಗಾತ್ರದ ಚಿತ್ರಕ್ಕೆ ಸೂಚಿಸುವುದು ಸೆಕೆಂಡಿಗೆ ೧೨ ಮೆಗಾಬಿಟ್; ಅಂದರೆ ಗಂಟೆಗೆ ೫.೪ ಗಿಗಾಬೈಟು. ೧೩೪೩ ಎಲ್ಲಿ, ೫.೪ ಎಲ್ಲಿ! ಸುಮಾರು ಇನ್ನೂರೈವತ್ತು ಪಾಲಿನಲ್ಲಿ ಒಂದು ಪಾಲು ಉಳಿಯಿತು. ಉಳಿದದ್ದು ಎಲ್ಲಿಗೆ ಹೋಯಿತು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಅದರ ಬಹುಪಾಲು ಪುನರುಕ್ತಿ. ಒಂದು ಚಿತ್ರಕ್ಕೂ ಅದರ ಮುಂದಿನ ಚಿತ್ರಕ್ಕೂ ವ್ಯತ್ಯಾಸ ಬಹಳ ಕಡಿಮೆ. ಗೋಡೆ ಅಲ್ಲಿಯೇ ಇದೆ, ಕಂಬ ಅಲ್ಲಿಯೇ ಇದೆ. ಮನುಷ್ಯ ಮಾತ್ರ ಒಂದು ಹೆಜ್ಜೆ ಸರಿದಿದ್ದಾನೆ. ಆಗಾಗ ಒಂದು ಪೂರ್ಣ ಚಿತ್ರವನ್ನು ಬರೆದುಕೊಂಡು, ನಡುವಿನವುಗಳಿಗೆ ಬದಲಾದಷ್ಟನ್ನೇ ಬರೆದರೆ ಸಾಕು. ಗದ್ದೆಯ ಹುಲ್ಲು ಅಲುಗುವ, ಮಳೆ ಸುರಿಯುವ, ಕಿಡಿ ಸಿಡಿಯುವ ಆಟಗಳ ಮುದ್ರಿಕೆ ಕೆಡುವುದು ಇದರಿಂದಲೇ. ಅಲ್ಲಿ ಪ್ರತಿ ಚುಕ್ಕಿಯೂ ಬದಲಾಗುತ್ತದೆ, ಕೊಟ್ಟ ಬಿಟ್ಟುಗಳು ಸಾಲದೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ.

ಇನ್ನೊಂದು ಪಾಲು ಕಣ್ಣಿನ ದೌರ್ಬಲ್ಯದ ಲಾಭ. ನಮ್ಮ ಕಣ್ಣು ಬೆಳಕು ನೆರಳಿನ ಭೇದವನ್ನು ಹಿಡಿದಷ್ಟು ಸೂಕ್ಷ್ಮವಾಗಿ ಬಣ್ಣದ ಭೇದವನ್ನು ಹಿಡಿಯುವುದಿಲ್ಲ. ಆದ್ದರಿಂದ ಸಾಮಾನ್ಯ ವಿಡಿಯೊದಲ್ಲಿ ನಾಲ್ಕು ಚುಕ್ಕಿಗಳ ಒಂದು ಚೌಕಕ್ಕೆ ಬೆಳಕಿನ ಅಳತೆ ನಾಲ್ಕು ಬಾರಿ, ಬಣ್ಣದ ಅಳತೆ ಒಂದೇ ಬಾರಿ. ಇದನ್ನು ೪:೨:೦ ಎಂದು ಬರೆಯುತ್ತಾರೆ. ಈ ಒಂದು ಹೆಜ್ಜೆಯಲ್ಲೇ ಗಾತ್ರ ಅರ್ಧವಾಗುತ್ತದೆ. ಮುಖ, ಮರ, ಆಕಾಶಗಳ ಚಿತ್ರದಲ್ಲಿ ಈ ನಷ್ಟ ಯಾರಿಗೂ ತಿಳಿಯದು. ಹಳೆಯ ಆಟಗಳಲ್ಲಿ ತಿಳಿಯುತ್ತದೆ. ನಮ್ಮ ರಾಜಕುಮಾರನ ಆಯುಸ್ಸನ್ನು ಪರದೆಯ ಎಡತುದಿಯ ಕೆಳಗೆ ಸಣ್ಣ ಕೆಂಪು ತ್ರಿಕೋನಗಳು ತೋರಿಸುತ್ತವೆ. ಕಪ್ಪು ನೆಲ, ಕೆಂಪು ಗುರುತು, ಕೆಲವೇ ಚುಕ್ಕಿಗಳ ಅಗಲ. ಬಣ್ಣವನ್ನು ನಾಲ್ಕಕ್ಕೊಂದರಂತೆ ಅಳೆದರೆ ಆ ತ್ರಿಕೋನಗಳು ಕುಂಕುಮ ನೀರಿಗೆ ಬಿದ್ದಂತೆ ಕದಡಿಹೋಗುತ್ತವೆ. ಯಂತ್ರದ ದೃಷ್ಟಿಯಲ್ಲಿ ಅದು ಅಲ್ಪ. ಆಟ ನೋಡುವವನಿಗೆ ಅದೇ ಜೀವ.

ಇಷ್ಟು ತಿಳಿದ ಮೇಲೆ ಮೊದಲ ನಿರ್ಧಾರ ಸುಲಭವಾಯಿತು. ಒಂದೇ ಸಲ ಸಿಗುವುದನ್ನು ಮುದ್ರಿಸುವಾಗ ಏನನ್ನೂ ಬಿಡಬಾರದು. ಬಿಡುವ ಕೆಲಸವನ್ನು ಆಮೇಲೆ, ಸಾವಧಾನವಾಗಿ, ಬೇಕಾದಷ್ಟು ಬಾರಿ ಮಾಡಬಹುದು. ಬಿಟ್ಟದ್ದನ್ನು ಮತ್ತೆ ತರಲಾಗದು.

ಅದೃಷ್ಟಕ್ಕೆ ಹಳೆಯ ಆಟದ ಚಿತ್ರ ಬಹಳ ಚಿಕ್ಕದು. ೩೨೦ × ೨೦೦ ಚುಕ್ಕಿ, ಏಕಕಾಲಕ್ಕೆ ೨೫೬ ಬಣ್ಣ, ಹೀಗಾಗಿ ಚುಕ್ಕಿಗೆ ಒಂದೇ ಬೈಟು. ಒಂದು ಚಿತ್ರಕ್ಕೆ ೬೪,೦೦೦ ಬೈಟು, ಸೆಕೆಂಡಿಗೆ ೭೦ ಚಿತ್ರ. ಗಂಟೆಗೆ ಸುಮಾರು ೧೬ ಗಿಗಾಬೈಟು. ಹಳೆಯ ಡಾಸ್ ಆಟಗಳನ್ನು ಇಂದಿನ ಗಣಕದಲ್ಲಿ ಓಡಿಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ೨೦೦೨ರಿಂದ ಇದೆ. ಅದರಲ್ಲಿ ಕಂಟ್ರೋಲ್, ಆಲ್ಟ್, ಎಫ್೫ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮುದ್ರಣ ಆರಂಭವಾಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಅದು ಬಳಸುವುದು ಜಡ್‌ಎಂಬಿವಿ ಎಂಬ ಕೋಡೆಕ್. ಇದು ಪುನರುಕ್ತಿಯನ್ನು ಮಾತ್ರ ಕಳೆಯುತ್ತದೆ, ಒಂದು ಚುಕ್ಕಿಯನ್ನೂ ಬದಲಿಸುವುದಿಲ್ಲ. ಇಂಥದ್ದನ್ನು ನಷ್ಟರಹಿತ ಸಂಕೋಚನ ಎನ್ನುತ್ತಾರೆ. ಬಿಚ್ಚಿದಾಗ ಕಟ್ಟಿದ್ದೆಲ್ಲವೂ ಹಾಗೆಯೇ ದೊರೆಯುತ್ತದೆ. ಈ ಆಟದಲ್ಲಿ ರಾಜಕುಮಾರನ ಭಂಗಿ ಸೆಕೆಂಡಿಗೆ ಹನ್ನೆರಡು ಬಾರಿಯಷ್ಟೇ ಬದಲಾಗುವುದರಿಂದ, ಎಪ್ಪತ್ತು ಚಿತ್ರಗಳಲ್ಲಿ ಹೆಚ್ಚಿನವು ಹಿಂದಿನದರ ಪ್ರತಿಯೇ. ಕಡತ ಹದಿನಾರು ಗಿಗಾಬೈಟಿನ ಒಂದು ಸಣ್ಣ ತುಣುಕಾಗಿ ಉಳಿಯುತ್ತದೆ.

ಇಲ್ಲಿ ಒಂದು ಗೊಂದಲವನ್ನು ಪರಿಹರಿಸಬೇಕು. ನಾನು ಕೇಳಿದ ಅನೇಕರು ಎಂಪಿ೪, ಎವಿಐ, ಎಂಕೆವಿ ಎಂಬವನ್ನೇ ಗುಣಮಟ್ಟದ ಹೆಸರುಗಳೆಂದು ತಿಳಿದಿದ್ದರು. ಅವು ಲಕೋಟೆಗಳು. ಒಳಗಿನ ಕಾಗದವನ್ನು ಯಾವ ಲಿಪಿಯಲ್ಲಿ ಬರೆದಿದೆ ಎಂಬುದು ಕೋಡೆಕ್. ಒಂದೇ ಕಾಗದವನ್ನು ಒಂದು ಲಕೋಟೆಯಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು, ಅಕ್ಷರ ಅಳಿಸುವುದಿಲ್ಲ. ಹಾಗೆಂದು ಲಕೋಟೆಯ ಆಯ್ಕೆ ಕ್ಷುಲ್ಲಕವಲ್ಲ. ಸಾಧಾರಣ ಎಂಪಿ೪ ಕಡತದಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಪರಿವಿಡಿಯನ್ನು ಮುದ್ರಣ ಮುಗಿದ ಮೇಲೆ ಬರೆಯಲಾಗುತ್ತದೆ. ನಡುವೆ ವಿದ್ಯುತ್ತು ಹೋದರೆ ಪರಿವಿಡಿಯೇ ಇಲ್ಲ, ಕಡತ ತೆರೆಯುವುದಿಲ್ಲ. ನನ್ನ ಮೊಮ್ಮಗಳ ಎರಡು ಗಂಟೆಗಳ ಮುದ್ರಿಕೆಯೊಂದು ಒಂದು ಮಳೆಗಾಲದ ಸಂಜೆ ಹೀಗೆಯೇ ಹೋಗಿತ್ತು. ಎಂಕೆವಿ ಲಕೋಟೆಯಲ್ಲಿ ವಿದ್ಯುತ್ತು ಹೋಗುವ ಕ್ಷಣದವರೆಗೆ ಬರೆದದ್ದು ಬಹುಮಟ್ಟಿಗೆ ಉಳಿಯುತ್ತದೆ. ಆದ್ದರಿಂದ ಒಬಿಎಸ್ ಸ್ಟುಡಿಯೊದಂಥ ತಂತ್ರಾಂಶದಲ್ಲಿ ಎಂಕೆವಿಯಲ್ಲಿ ಮುದ್ರಿಸಿ, ಆಮೇಲೆ ಅದೇ ತಂತ್ರಾಂಶದ ರೀಮಕ್ಸ್ ಸೌಲಭ್ಯದಿಂದ ಎಂಪಿ೪ಕ್ಕೆ ದಾಟಿಸುವುದು ಜಾಣತನ. ೨೦೨೪ರಿಂದ ಅದರಲ್ಲಿ ಹೈಬ್ರಿಡ್ ಎಂಪಿ೪ ಎಂಬ ಆಯ್ಕೆಯೂ ಬಂದು ಈ ಅಪಾಯವನ್ನು ತಗ್ಗಿಸಿದೆ. ನಾವಂತೂ ಆ ದಿನಕ್ಕೆಂದು ಯುಪಿಎಸ್ ಒಂದನ್ನು ಎರವಲು ತಂದೆವು.

ಇಷ್ಟೆಲ್ಲ ಓದುತ್ತಿದ್ದಾಗ ಈ ಆಟದ ಹುಟ್ಟಿನ ಕಥೆಯೂ ದೊರೆಯಿತು. ಇದನ್ನು ಒಬ್ಬಂಟಿಯಾಗಿ ರಚಿಸಿದವರು ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣ. ೧೯೮೯ರಲ್ಲಿ ಆಪಲ್ ೨ ಗಣಕಕ್ಕೆ ಪ್ರಕಟವಾಯಿತು. ಮನುಷ್ಯನ ಓಟ ನೈಜವಾಗಿರಬೇಕೆಂದು ಅವರು ೧೯೮೫ರಲ್ಲಿ ತಮ್ಮ ಡೇವಿಡ್‌ನನ್ನು ಓಡಿಸಿ, ಜಿಗಿಸಿ, ವಿಡಿಯೊ ಕ್ಯಾಮೆರಾದಲ್ಲಿ ಹಿಡಿದು, ಆ ಚಿತ್ರಗಳನ್ನು ಒಂದೊಂದಾಗಿ ಅನುಸರಿಸಿ ರಾಜಕುಮಾರನನ್ನು ಬರೆದರು. ಆಪಲ್ ೨ರ ಸ್ಮೃತಿ ಎಷ್ಟು ಕಿರಿದೆಂದರೆ, ಎದುರಾಳಿಗೆ ಬೇರೆ ಚಿತ್ರಗಳನ್ನು ಇಡಲು ಜಾಗವಿರಲಿಲ್ಲ. ನಾಯಕನ ಚಿತ್ರಗಳನ್ನೇ ಚುಕ್ಕಿ ಸರಿಸಿ ಬೆರೆಸಿದಾಗ ಮಿನುಗುವ ನೆರಳಿನ ಆಕೃತಿಯೊಂದು ಮೂಡಿತು. ಅದೇ ಛಾಯಾಪುರುಷನಾಗಿ ಕಥೆಯನ್ನು ಸೇರಿತು. ನಾಲ್ಕನೆಯ ಹಂತದಲ್ಲಿ ರಾಜಕುಮಾರ ಕನ್ನಡಿಯನ್ನು ಭೇದಿಸಿ ಜಿಗಿದಾಗ ಅವನ ನೆರಳು ಅತ್ತ ಹೊರಟುಹೋಗುತ್ತದೆ. ಆಟವೆಂಬುದೇ ಒಂದು ಹುಡುಗನ ಓಟದ ಸಂಕೋಚನ. ಅದರಲ್ಲಿ ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂದು ಆಯ್ದವರು ಒಬ್ಬ ಮನುಷ್ಯರು. ಆಯ್ಕೆ ಅಷ್ಟು ಸರಿಯಾಗಿದ್ದುದರಿಂದಲೇ ಮೂವತ್ತು ಚಿಲ್ಲರೆ ವರ್ಷಗಳ ಮೇಲೂ ಆ ಓಟ ಓಟದಂತೆಯೇ ಕಾಣುತ್ತದೆ.

ಮೊಮ್ಮಗಳು ಇನ್ನೊಂದು ದಾರಿಯನ್ನೂ ತೋರಿಸಿದಳು. ೧೯೯೩ರ ಡೂಮ್ ಎಂಬ ಆಟದಲ್ಲಿ ಚಿತ್ರವನ್ನು ಮುದ್ರಿಸುವುದೇ ಬೇಡ. ಆಡುವವನು ಏನು ಒತ್ತಿದ, ಯಾವಾಗ ಒತ್ತಿದ ಎಂಬುದನ್ನಷ್ಟೇ ಸೆಕೆಂಡಿಗೆ ೩೫ ಬಾರಿ, ಪ್ರತಿ ಬಾರಿ ನಾಲ್ಕು ಬೈಟಿನಂತೆ ಬರೆದಿಡುತ್ತದೆ. ಗಂಟೆಗೆ ಐದು ಲಕ್ಷ ಬೈಟು. ಒಂದು ಫ್ಲಾಪಿಯಲ್ಲಿ ಎರಡು ಗಂಟೆಗೂ ಮಿಕ್ಕ ಆಟ. ಸಂಗೀತದಲ್ಲಿ ಸ್ವರಲಿಪಿ ಇದ್ದಂತೆ. ಆದರೆ ಸ್ವರಲಿಪಿ ಹಾಡಾಗಬೇಕಾದರೆ ಹಾಡುವವರು ಬೇಕು. ಈ ಕಡತ ಆಟವಾಗಬೇಕಾದರೆ ಅದೇ ಆಟ, ಅದೇ ಆವೃತ್ತಿ ಬೇಕು. ದೂರದ ಊರುಗಳಲ್ಲಿ ಮೊಬೈಲು ಹಿಡಿದು ಕುಳಿತ ಹಳೆಯ ವಿದ್ಯಾರ್ಥಿಗಳಿಗೆ ಅದು ಒದಗದು. ವಿಡಿಯೊ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ನಮಗೆ ಅದೇ ಬೇಕಿತ್ತು.

ಗೊತ್ತಾದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮೇಷ್ಟ್ರು ಬಂದರು. ಮಾತ್ರೆ ನುಂಗಿ ಮುಕ್ಕಾಲು ಗಂಟೆಯಾಗಿತ್ತು. ಆಟದ ಸದ್ದು ಡಾಸ್‌ಬಾಕ್ಸಿನ ಕಡತಕ್ಕೇ ಸೇರುತ್ತಿತ್ತು. ಅವರ ಮಾತು ಅದರೊಡನೆ ಬೆರೆಯದಿರಲೆಂದು ಬೇರೊಂದು ಮೊಬೈಲನ್ನು ಮೇಜಿನ ಮೇಲಿಟ್ಟು ಧ್ವನಿಯನ್ನು ಪ್ರತ್ಯೇಕವಾಗಿ ಮುದ್ರಿಸಿದೆವು. ಬೆರೆತ ಎರಡು ಧ್ವನಿಗಳನ್ನು ಬಿಡಿಸುವುದು ಕಷ್ಟ. ಬೇರೆಯಾಗಿರುವುದನ್ನು ಬೆರೆಸುವುದು ಸುಲಭ.

ಮೊದಲ ಹಂತದಲ್ಲಿ ನಾಲ್ಕು ಬಾರಿ ಸತ್ತರು. ಕೈ ಕೀಲಿಯ ಮೇಲೆ ಎರಡೆರಡು ಸಲ ಬೀಳುತ್ತಿತ್ತು, ಒಂದು ಹೆಜ್ಜೆ ಇಡಬೇಕಾದಲ್ಲಿ ರಾಜಕುಮಾರ ಎರಡು ಹೆಜ್ಜೆ ಇಟ್ಟು ಹೊಂಡಕ್ಕೆ ಬೀಳುತ್ತಿದ್ದ. ಅವರು ಒಂದೂ ಮಾತಾಡದೆ ಮತ್ತೆ ಆರಂಭಿಸುತ್ತಿದ್ದರು. ಎರಡನೆಯ ಹಂತದಿಂದ ಒಂದು ಲಯ ಸಿಕ್ಕಿತು. ನಾಲ್ಕನೆಯ ಹಂತದ ಕನ್ನಡಿಯ ಎದುರು ಬಂದು ನಿಂತರು. ಅಲ್ಲಿ ಓಡಿಬಂದು, ಸರಿಯಾದ ಗಳಿಗೆಗೆ ಜಿಗಿಯಬೇಕು. ಎರಡು ಬಾರಿ ಆಗಲಿಲ್ಲ. ಆಮೇಲೆ ಬಲಗೈಯನ್ನು ಕೀಲಿಮಣೆಯಿಂದ ತೆಗೆದು, ಎಡಗೈಯಿಂದ ಒತ್ತಿ ಹಿಡಿದು, ಸುಮ್ಮನೆ ಕುಳಿತರು. ಗಡಿಯಾರ ಓಡುತ್ತಿತ್ತು. ಪರದೆಯಲ್ಲಿ ರಾಜಕುಮಾರನೂ ಸುಮ್ಮನೆ ನಿಂತಿದ್ದ. ಆಮೇಲೆ ಮುದ್ರಿಕೆಯಲ್ಲಿ ಎಣಿಸಿದೆ, ನಲವತ್ತೊಂದು ಸೆಕೆಂಡು. ಅನಂತರ ಓಡಿದರು, ಜಿಗಿದರು, ಕನ್ನಡಿ ದಾಟಿದರು. ನೆರಳು ಅತ್ತ ಹೋಯಿತು. ಕೆಂಪು ತ್ರಿಕೋನಗಳೆಲ್ಲ ಆರಿ ಒಂದೇ ಉಳಿಯಿತು. ಆಟದ ನಿಯಮವೇ ಹಾಗೆ. "ಸಾಕು" ಎಂದು ಎದ್ದರು. ಮೊಬೈಲಿನ ಮುದ್ರಿಕೆಯಲ್ಲಿ ಆ ಇಡೀ ಗಂಟೆಯಲ್ಲಿ ಅವರು ಆಡಿದ ಮಾತು ಅದೊಂದೇ.

ಮೂಲವನ್ನು ಹಾಗೆಯೇ ಇಟ್ಟು ಹಂಚುವ ಪ್ರತಿಯನ್ನು ಸಿದ್ಧಪಡಿಸಿದೆವು. ಮೊದಲು ಆಕಾರ. ಹಳೆಯ ಪರದೆಗಳು ನಾಲ್ಕಕ್ಕೆ ಮೂರರ ಪ್ರಮಾಣದವು. ಅವುಗಳ ಮೇಲೆ ೩೨೦ × ೨೦೦ ಚುಕ್ಕಿಗಳು ಹರಡಿದಾಗ ಪ್ರತಿ ಚುಕ್ಕಿಯೂ ಅಗಲಕ್ಕಿಂತ ಸ್ವಲ್ಪ ಎತ್ತರವಾಗಿರುತ್ತಿತ್ತು. ಚುಕ್ಕಿಗಳನ್ನು ಚೌಕವಾಗಿ ತೋರಿಸಿದರೆ ರಾಜಕುಮಾರ ಕುಳ್ಳಗಾಗುತ್ತಾನೆ. ಅಗಲವನ್ನು ಐದರಿಂದ, ಎತ್ತರವನ್ನು ಆರರಿಂದ ಗುಣಿಸಿದರೆ ೧೬೦೦ × ೧೨೦೦. ಪ್ರಮಾಣ ಸರಿಯಾಗಿ ನಾಲ್ಕಕ್ಕೆ ಮೂರು. ಈ ಲೆಕ್ಕ ಮಾಡಿಕೊಟ್ಟವರು ಮೇಷ್ಟ್ರೇ. ಹಿಗ್ಗಿಸುವಾಗ ಅಂಚುಗಳನ್ನು ನಯಗೊಳಿಸದೆ, ಪ್ರತಿ ಚುಕ್ಕಿಯನ್ನು ಇದ್ದಂತೆಯೇ ದೊಡ್ಡದು ಮಾಡುವ ವಿಧಾನವನ್ನು ಆರಿಸಬೇಕು. ಹೀಗೆ ಮೊದಲೇ ಹಿಗ್ಗಿಸಿದರೆ ಬಣ್ಣವನ್ನು ನಾಲ್ಕಕ್ಕೊಂದರಂತೆ ಅಳೆದರೂ ತ್ರಿಕೋನಗಳು ಕದಡುವುದಿಲ್ಲ. ಒಂದೊಂದು ಹಳೆಯ ಚುಕ್ಕಿಯೂ ಈಗ ಮೂವತ್ತು ಚುಕ್ಕಿಗಳ ಅಂಗಳ.

ಕೋಡೆಕ್ ಆಗಿ ೨೦೦೩ರ ಎಚ್.೨೬೪ ಅನ್ನೇ ಆರಿಸಿದೆವು. ೨೦೧೩ರ ಎಚ್‌ಇವಿಸಿ, ೨೦೧೮ರ ಎವಿ೧ ಇನ್ನೂ ಚಿಕ್ಕ ಕಡತಗಳನ್ನು ಕೊಡುತ್ತವೆ, ನಿಜ. ಆದರೆ ಯಾರ ಕೈಯಲ್ಲಿ ಎಷ್ಟು ಹಳೆಯ ಮೊಬೈಲು ಇದೆಯೋ ತಿಳಿಯದು, ಎಚ್.೨೬೪ ಎಲ್ಲಿಯೂ ಓಡುತ್ತದೆ. ಬಿಟ್‌ರೇಟನ್ನು ಒಂದೇ ಅಂಕಿಗೆ ಕಟ್ಟಿಹಾಕಲಿಲ್ಲ. ಅದು ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಒಂದೇ ಪುಟದ ಉತ್ತರ ಬರೆಯಿರಿ ಎಂದಂತೆ. ಸುಲಭದ ಪ್ರಶ್ನೆಗೆ ಜಾಗ ವ್ಯರ್ಥ, ಕಠಿಣದ್ದಕ್ಕೆ ಸಾಲದು. ನೇರ ಪ್ರಸಾರಕ್ಕೆ ಅದು ಬೇಕಾಗುತ್ತದೆ, ಕಡತಕ್ಕೆ ಬೇಡ. ಅದರ ಬದಲು ಸಿಆರ್‌ಎಫ್ ಎಂಬ ಗುಣಮಟ್ಟದ ಅಂಕಿಯನ್ನು ಕೊಡಬಹುದು. ಎಕ್ಸ್೨೬೪ ತಂತ್ರಾಂಶದಲ್ಲಿ ಅದು ೦ಯಿಂದ ೫೧ರವರೆಗೆ. ಕಡಿಮೆಯಾದಷ್ಟೂ ಚಿತ್ರ ಉತ್ತಮ, ಕಡತ ದೊಡ್ಡದು. ಏನೂ ಹೇಳದಿದ್ದರೆ ೨೩ ಇರುತ್ತದೆ. ಆರು ಅಂಕಿ ಇಳಿಸಿದರೆ ಗಾತ್ರ ಸರಿಸುಮಾರು ಎರಡು ಪಟ್ಟು. ನಾವು ೧೮ ಇಟ್ಟೆವು. ವೇಗವನ್ನು ೬೦ ಚಿತ್ರಗಳಿಗೆ ಇಳಿಸಿದೆವು. ಹನ್ನೆರಡು ಭಂಗಿಗಳ ಆಟದಲ್ಲಿ ಅದರಿಂದ ಕಣ್ಣಿಗೆ ಕಾಣುವ ನಷ್ಟವಿಲ್ಲ.

ಆಗ ಒಬ್ಬ ಹಳೆಯ ವಿದ್ಯಾರ್ಥಿ, ಪ್ರೀತಿಯಿಂದಲೇ, ಒಂದು ಸಲಹೆ ಕಳಿಸಿದ. ಸತ್ತ ಪ್ರಸಂಗಗಳನ್ನೂ ಕನ್ನಡಿಯ ಮುಂದೆ ಸುಮ್ಮನೆ ನಿಂತದ್ದನ್ನೂ ಕತ್ತರಿಸಿದರೆ ಇಪ್ಪತ್ತು ನಿಮಿಷದ ಚೊಕ್ಕ ವಿಡಿಯೊ ಆಗುತ್ತದೆ, ಕಡತವೂ ಚಿಕ್ಕದಾಗುತ್ತದೆ ಎಂದ. ಕಡತದ ಮಾತಿಗೆ ಉತ್ತರ ನನ್ನ ಬಳಿ ಸಿದ್ಧವಿತ್ತು. ಆ ನಲವತ್ತೊಂದು ಸೆಕೆಂಡುಗಳಲ್ಲಿ ಪರದೆಯ ಮೇಲೆ ಬದಲಾದದ್ದು ಇಲ್ಲವೆನ್ನುವಷ್ಟು ಅಲ್ಪ. ಬದಲಾದದ್ದನ್ನು ಮಾತ್ರ ಬರೆಯುವ ಕೋಡೆಕ್ ಅದಕ್ಕೆ ಖರ್ಚು ಮಾಡಿದ ಬೈಟುಗಳೂ ಹಾಗೆಯೇ. ಕತ್ತರಿಸಿದರೆ ಉಳಿತಾಯವೇನೂ ಇಲ್ಲ. ಇನ್ನೊಂದು ಉತ್ತರವನ್ನು ಅವನಿಗೆ ಬರೆಯಲಿಲ್ಲ, ಇಲ್ಲಿ ಬರೆಯುತ್ತೇನೆ. ಕೋಡೆಕ್ ಏನೂ ನಡೆಯಲಿಲ್ಲವೆಂದು ತಿಳಿದ ಆ ಹೊತ್ತಿನಲ್ಲೇ ಎಲ್ಲವೂ ನಡೆಯಿತು. ಆಟ ಎಲ್ಲರ ಬಳಿಯೂ ಸಿಗುತ್ತದೆ. ಅದನ್ನು ಚೊಕ್ಕವಾಗಿ ಆಡಿ ತೋರಿಸುವವರು ಸಾವಿರಾರು ಮಂದಿ ಇದ್ದಾರೆ. ನಮ್ಮ ಮೇಷ್ಟ್ರು ತಮ್ಮ ಕೈಗೆ ಕಾದು ಕುಳಿತದ್ದು ಈ ಒಂದು ಕಡತದಲ್ಲಿ ಮಾತ್ರ ಇದೆ. ವಿಡಿಯೊ ಕತ್ತರಿಸದೆ ಹೋಯಿತು.

ಹಂಚುವಾಗ ಇನ್ನೊಂದು ಎಚ್ಚರ ಬೇಕು. ಸಂದೇಶದ ಆ್ಯಪ್‌ಗಳಲ್ಲಿ ವಿಡಿಯೊ ಎಂದು ಕಳಿಸಿದರೆ ಅವು ಅದನ್ನು ಮತ್ತೆ ಸಂಕೋಚಿಸುತ್ತವೆ. ಪಡೆದವರು ಬೇರೊಬ್ಬರಿಗೆ ಕಳಿಸುವ ಮುನ್ನ ಕತ್ತರಿಸಿದರೆ ಇನ್ನೊಮ್ಮೆ. ನಮ್ಮ ಕಾಲದ ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರತಿಯಿಂದ ಪ್ರತಿ ತೆಗೆಯಬಾರದು, ಪ್ರತಿ ಸಲವೂ ಸ್ಟೆನ್ಸಿಲ್‌ಗೇ ಹಿಂತಿರುಗಬೇಕು. ಡಾಕ್ಯುಮೆಂಟ್ ಎಂದು ಕಳಿಸಿದರೆ ಕಡತ ಇದ್ದ ಹಾಗೆಯೇ ತಲುಪುತ್ತದೆ. ಮೂಲದ ಇನ್ನೊಂದು ಪ್ರತಿಯನ್ನು ಎಫ್‌ಎಫ್‌ವಿ೧ ಎಂಬ ನಷ್ಟರಹಿತ ಕೋಡೆಕ್‌ಗೆ ಬದಲಿಸಿ ಎಂಕೆವಿ ಲಕೋಟೆಯಲ್ಲಿ ಇಟ್ಟಿದ್ದೇವೆ. ಅದರ ವಿವರಣೆ ೨೦೨೧ರಲ್ಲಿ ಆರ್‌ಎಫ್‌ಸಿ ೯೦೪೩ ಎಂಬ ಬಹಿರಂಗ ದಾಖಲೆಯಾಗಿ ಪ್ರಕಟವಾಗಿದೆ. ಮುಂದೊಂದು ದಿನ ಇಂದಿನ ತಂತ್ರಾಂಶಗಳೆಲ್ಲ ಮರೆಯಾದರೂ, ಆ ದಾಖಲೆಯನ್ನು ಓದಿ ಕಡತವನ್ನು ಬಿಚ್ಚುವವನು ಒಬ್ಬ ಹುಟ್ಟಬಹುದು.

ಮನೆಯಲ್ಲಿ ಹೀಗೆ ಏನನ್ನಾದರೂ ಮುದ್ರಿಸುವ ಯೋಚನೆ ಇದ್ದವರಿಗೆ ನನ್ನ ಅರಿಕೆ ಇಷ್ಟೇ: ಮುದ್ರಿಸುವಾಗ ಉದಾರವಾಗಿರಿ, ಹಂಚುವಾಗ ಜಿಪುಣರಾಗಿರಿ. ಸಂಯೋಜನೆಗಳನ್ನೆಲ್ಲ ಹಿಂದಿನ ದಿನವೇ ಐದು ನಿಮಿಷದ ಮುದ್ರಿಕೆಯಲ್ಲಿ ಪರೀಕ್ಷಿಸಿ, ಆಮೇಲೆ ಮುಟ್ಟಬೇಡಿ. ಮೂಲವನ್ನು ಎರಡು ಡಿಸ್ಕುಗಳಲ್ಲಿ, ಎರಡು ಮನೆಗಳಲ್ಲಿ ಇಡಿ. ನಮ್ಮ ಎರಡನೆಯ ಡಿಸ್ಕು ಮೇಷ್ಟ್ರ ಮನೆಯ ಬೀರುವಿನಲ್ಲಿದೆ, ಅವರ ಹಳೆಯ ಫ್ಲಾಪಿಗಳ ಪಕ್ಕದಲ್ಲಿ. ಅವರು ಈವರೆಗೆ ಅದನ್ನು ನೋಡಿಲ್ಲ. "ನಾನು ಆಡಿದ್ದೇನಲ್ಲ, ನೋಡುವುದು ಹುಡುಗರ ಕೆಲಸ" ಎನ್ನುತ್ತಾರೆ.